ಊರಿನ ತೆರಿಗೆಗೆ ನಮ್ಮ ಮತ ಎಲ್ಲಿದೆ?

ಸಭೆ ಮುಗಿದು ಕಾಫಿ ಕೈಗೆ ಬಂದ ಮೇಲೆಯೇ ನಮ್ಮಲ್ಲಿ ನಿಜವಾದ ಚರ್ಚೆ ಶುರುವಾಗುವುದು ಎಂಬುದು ಸದಸ್ಯ ಬಾಂಧವರಿಗೆಲ್ಲ ಗೊತ್ತಿರುವ ಸಂಗತಿ. ಈಚೆಗೆ ಹಾಗೆ ಕುಳಿತಿದ್ದಾಗ ಹಿರಿಯ ಸದಸ್ಯರೊಬ್ಬರು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿರುವ ಅವರ ಮಗಳು 2024ರ ನವೆಂಬರ್ ಚುನಾವಣೆಯ ಹೊತ್ತಿಗೆ ಕಳುಹಿಸಿದ್ದ ಮತಪತ್ರದ ಚಿತ್ರ ಅದು. ಉದ್ದದಲ್ಲಿ ನಮ್ಮ ಮೆನು ಕಾರ್ಡನ್ನು ಮೀರಿಸುವಂತಿತ್ತು. ಅಧ್ಯಕ್ಷ ಪದವಿಯ ಅಭ್ಯರ್ಥಿಗಳ ಹೆಸರು ಇರುವುದು ಸಹಜ. ಆದರೆ ಅದೇ ಮತಪತ್ರದಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು: ಮನೆಯಿಲ್ಲದವರ ವಸತಿ ಮತ್ತು ಆರೈಕೆಗಾಗಿ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆ ಹಾಕಬಹುದೇ? ಹೌದು ಅಥವಾ ಇಲ್ಲ.

ಫೋಟೊ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ತೆರಿಗೆ ಹಾಕಬೇಕಾದರೆ ತೆರಿಗೆ ಕೊಡುವವನನ್ನೇ ಕೇಳುತ್ತಾರೆಯೇ ಎಂದು ಒಬ್ಬರು ನಕ್ಕರು. "ನಮ್ಮನ್ನು ಯಾರಪ್ಪ ಕೇಳಿದ್ದರು? ಎಲ್‌ಬಿಟಿ ಬಂದದ್ದು ಪೇಪರ್ ನೋಡಿ ಗೊತ್ತಾಯಿತು" ಎಂದರು ಇನ್ನೊಬ್ಬರು. ಅಲ್ಲಿಗೆ ಮಾತು ಜಕಾತಿ ನಾಕಾದ ಹಳೆಯ ಕಥೆಗಳ ಕಡೆ ತಿರುಗಿತು, ರಾತ್ರಿ ಹತ್ತೂವರೆ ಆಯಿತು. ಅಂದು ಬಾಯಿಗೆ ಬಂದದ್ದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ಕ್ರಮವಾಗಿ ಬರೆದಿಡೋಣ ಎನಿಸಿತು.

ಮೊದಲು ಆ ಅರ್ಧ ಸೆಂಟಿನ ವಿಷಯ ಮುಗಿಸುತ್ತೇವೆ. ಅಲ್ಲಿ ಇದು ಹೊಸತೇನಲ್ಲ. 2008ರ ನವೆಂಬರಿನಲ್ಲಿ ಅದೇ ಕೌಂಟಿಯ ಜನ ರೈಲು, ಬಸ್ಸು, ರಸ್ತೆಗಾಗಿ ಮೂವತ್ತು ವರ್ಷಗಳ ಅವಧಿಗೆ ಅರ್ಧ ಸೆಂಟ್ ಹೆಚ್ಚುವರಿ ತೆರಿಗೆಗೆ ಒಪ್ಪಿಗೆ ಕೊಟ್ಟಿದ್ದರು. ಅದಕ್ಕೆ ಮೂರನೇ ಎರಡರಷ್ಟು ಮತ ಬೇಕಿತ್ತು, ಶೇ. 67 ದಾಟಿ ಕೂದಲೆಳೆಯಲ್ಲಿ ಪಾಸಾಯಿತು. 2016ರಲ್ಲಿ ಮತ್ತೆ ಅರ್ಧ ಸೆಂಟ್ ಕೇಳಿದರು, ಆಗ ಶೇ. 70ಕ್ಕಿಂತ ಹೆಚ್ಚು ಜನ ಹೌದೆಂದರು. ಕ್ಯಾಲಿಫೋರ್ನಿಯಾದಲ್ಲಿ ದಿನಸಿ ಅಂಗಡಿಯ ಅಕ್ಕಿಬೇಳೆಗೆ ಮಾರಾಟ ತೆರಿಗೆ ಇಲ್ಲ, ಹೊಟೇಲಿನಲ್ಲಿ ಕುಳಿತು ತಿಂದ ಬಿಸಿ ಊಟಕ್ಕೆ ಇದೆ. ಅಂದರೆ ಅಲ್ಲಿನ ಈ ಮತದಾನದಲ್ಲಿ ಹೊಟೇಲಿನ ಬಿಲ್ಲೂ ಕಣದಲ್ಲಿರುತ್ತದೆ. ಯಾವುದಕ್ಕೆ ಹಣ, ಎಷ್ಟು ವರ್ಷ, ಲೆಕ್ಕ ಯಾರು ನೋಡುತ್ತಾರೆ ಎಂಬುದನ್ನು ಮುಂಚೆಯೇ ಅಚ್ಚು ಹಾಕಿಸಿ ಮನೆಗೆ ಕಳುಹಿಸುತ್ತಾರೆ. ಆ ವ್ಯವಸ್ಥೆಯಲ್ಲಿಯೂ ಹುಳುಕುಗಳಿವೆ. ಹಣವಂತರು ಪ್ರಚಾರಕ್ಕೆ ಸುರಿಯುತ್ತಾರೆ, ಪ್ರಶ್ನೆ ಅರ್ಥವಾಗದೆಯೇ ಗುರುತು ಹಾಕುವವರೂ ಇದ್ದಾರೆ. ಆದರೂ ಕೇಳುತ್ತಾರಲ್ಲ, ಅದು ದೊಡ್ಡದು.

ಸುಂಕದವನ ಮುಂದೆ ಸುಖದುಃಖ

ಪುಣೆಗೆ ಬರೋಣ. ಇಂದು ನಲವತ್ತು ದಾಟಿದ ನಮ್ಮ ಎಲ್ಲ ಸದಸ್ಯರಿಗೂ ಜಕಾತಿ ನಾಕಾ ನೆನಪಿದೆ. ಊರಿನ ಕಡೆಯಿಂದ ಬಂದ ಲಾರಿ ಕಾತ್ರಜ್ ಘಾಟಿ ಇಳಿದು ಸಾಲಿನಲ್ಲಿ ನಿಂತರೆ ಬೆಳಗಿನ ದೋಸೆಹಿಟ್ಟು ಹುಳಿ ಬರುವವರೆಗೂ ನಿಂತಿರುತ್ತಿತ್ತು ಎಂದು ನಮ್ಮಲ್ಲೊಂದು ತಮಾಷೆಯೇ ಇತ್ತು. ಬ್ಯಾಡಗಿ ಮೆಣಸಿನಕಾಯಿ, ತಿಪಟೂರಿನ ಕೊಬ್ಬರಿ, ಚಿಕ್ಕಮಗಳೂರಿನ ಕಾಫಿ ಬೀಜ, ಕೊಯಮತ್ತೂರಿನ ಗ್ರೈಂಡರ್, ಹೀಗೆ ಊರೊಳಗೆ ಬರುವ ಒಂದೊಂದು ಸಾಮಾನಿಗೂ ಒಂದೊಂದು ದರ. ಬಿಲ್ ತೋರಿಸಬೇಕು, ಬಿಲ್ಲಿನ ಬೆಲೆ ಒಪ್ಪದಿದ್ದರೆ ವಾದ ಮಾಡಬೇಕು, ಹಣ ಕಟ್ಟಿ ಪಾವತಿ ತೆಗೆದುಕೊಳ್ಳಬೇಕು, ಆಮೇಲೆ ಗೇಟು ಏಳಬೇಕು. ಊರಿಗೆ ಇಳಿಸದೆ ಹಾದು ಹೋಗುವ ಲಾರಿಗೂ ಬಿಡುಗಡೆ ಇಲ್ಲ, ಅದಕ್ಕೆ ಎಸ್ಕಾರ್ಟ್ ಶುಲ್ಕ.

ಕೇಟರಿಂಗ್ ಮಾಡುವವರ ಪಾಡು ಇನ್ನೂ ಬೇರೆ. ಪುಣೆ ಎಂದರೆ ಒಂದೇ ಊರಲ್ಲ. ಪುಣೆ ಮಹಾನಗರಪಾಲಿಕೆ ಒಂದು, ಪಿಂಪ್ರಿ-ಚಿಂಚ್‌ವಡ್ ಮಹಾನಗರಪಾಲಿಕೆ ಇನ್ನೊಂದು, ನಡುನಡುವೆ ಪುಣೆ, ಖಡ್ಕಿ, ದೇಹು ರೋಡ್ ಎಂಬ ಮೂರು ಕಂಟೋನ್ಮೆಂಟ್‌ಗಳು. ಡೆಕ್ಕನ್ನಿನ ಅಡುಗೆಮನೆಯಿಂದ ಚಿಂಚ್‌ವಡದ ಮದುವೆಗೆ ಸಾಮಾನು ಹೊರಟರೆ ಅದು ಲೆಕ್ಕದಲ್ಲಿ ಪರಊರಿಗೆ ಹೋದಂತೆಯೇ. ಒಮ್ಮೆ ನಮ್ಮ ಟೆಂಪೋದಲ್ಲಿದ್ದ ಹಿತ್ತಾಳೆಯ ಕೊಪ್ಪರಿಗೆಗಳು ಹೊಸವೋ ಹಳೆಯವೋ ಎಂಬ ವಿಚಾರಣೆ ಒಂದು ನಾಕಾದಲ್ಲಿ ಮುಕ್ಕಾಲು ಗಂಟೆ ನಡೆಯಿತು. ಕೊಪ್ಪರಿಗೆಯ ತಳದ ಮಸಿ ತೋರಿಸಿದ ಮೇಲೆ ಬಿಟ್ಟರು. ಅಷ್ಟರಲ್ಲಿ ಮುಹೂರ್ತ ಮುಗಿದು, ಗಂಡಿನ ಕಡೆಯವರು ಉಪಾಹಾರ ಎಲ್ಲಿ ಎಂದು ಕೇಳುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಹುಟ್ಟಿದ್ದು ಹೀಗೆಯೇ ಇರಬೇಕು.

ನಮ್ಮ ಕರ್ನಾಟಕ ಈ ವಿಷಯದಲ್ಲಿ ಬಹಳ ಮುಂದಿತ್ತು ಎಂದು ಹೆಮ್ಮೆಯಿಂದ ಹೇಳಬಹುದು. ದೇವರಾಜ ಅರಸರ ಕಾಲದಲ್ಲಿ, 1979ರ ಏಪ್ರಿಲ್‌ನಿಂದಲೇ ಅಲ್ಲಿ ಆಕ್ಟ್ರಾಯ್ ರದ್ದಾಯಿತು. ಅದರ ಬದಲಿಗೆ ರಾಜ್ಯ ಸರಕಾರ ಪ್ರವೇಶ ತೆರಿಗೆ ತಂದು, ಊರಿನ ಪುರಸಭೆಗಳಿಗೆ ಪರಿಹಾರದ ಹಣ ಕೊಡುವ ಪದ್ಧತಿ ಮಾಡಿತು. ಬೆಂಗಳೂರಿನ ಸುಂಕದಕಟ್ಟೆ ಎಂಬ ಬಡಾವಣೆಯ ಹೆಸರಿನಲ್ಲಿ ಮಾತ್ರ ಹಳೆಯ ಕಾಲದ ಸುಂಕದ ನೆನಪು ಉಳಿದಿದೆ. ಮಹಾರಾಷ್ಟ್ರದ ದೊಡ್ಡ ಊರುಗಳಲ್ಲಿ ಜಕಾತಿ ಅದಾದ ಮೇಲೂ ಮೂರು ದಶಕ ಮೀರಿ ನಡೆಯಿತು. ಮುಂಬಯಿಯಲ್ಲಂತೂ 2017ರ ಜೂನ್ ಕೊನೆಯವರೆಗೂ ಇತ್ತು. ಕಾರಣ ಸರಳ. ನಾಕಾದಲ್ಲಿ ಬಿದ್ದ ಹಣ ಅಂದೇ ಪಾಲಿಕೆಯ ಪೆಟ್ಟಿಗೆಗೆ ಬೀಳುತ್ತಿತ್ತು, ಯಾರ ಮುಂದೆಯೂ ಕೈಯೊಡ್ಡಬೇಕಿರಲಿಲ್ಲ. ಊರು ಬೆಳೆದಷ್ಟೂ ಸಾಮಾನು ಹೆಚ್ಚು ಬರುತ್ತದೆ, ಸಾಮಾನು ಬಂದಷ್ಟೂ ಜಕಾತಿ ಬೆಳೆಯುತ್ತದೆ. ಈ ಮಾತನ್ನು ಇಲ್ಲಿ ಹೇಳಿಟ್ಟಿದ್ದೇವೆ, ಮುಂದೆ ಬೇಕಾಗುತ್ತದೆ.

ಏಪ್ರಿಲ್ ಒಂದರ ಎರಡು ಉಡುಗೊರೆ

2013ರ ಏಪ್ರಿಲ್ 1ರಂದು ಪುಣೆ, ಪಿಂಪ್ರಿ-ಚಿಂಚ್‌ವಡ್, ಠಾಣೆ, ನಾಗಪುರಗಳಲ್ಲಿ ಜಕಾತಿ ಹೋಗಿ ಲೋಕಲ್ ಬಾಡಿ ಟ್ಯಾಕ್ಸ್ ಬಂತು. ಹೆಸರು ದೊಡ್ಡದಾಯಿತೆಂದು ಎಲ್ಲರೂ ಎಲ್‌ಬಿಟಿ ಎಂದರು. ನಾಕಾ ಇಲ್ಲ, ಲಾರಿ ನಿಲ್ಲುವುದಿಲ್ಲ. ಬದಲಿಗೆ ಊರೊಳಗೆ ಸಾಮಾನು ತರಿಸುವವನೇ ಪಾಲಿಕೆಯಲ್ಲಿ ನೋಂದಣಿ ಮಾಡಿಸಿಕೊಂಡು, ಲೆಕ್ಕ ಬರೆದಿಟ್ಟು, ತಿಂಗಳು ತಿಂಗಳು ತೆರಿಗೆ ಕಟ್ಟಬೇಕು. ಲಾರಿಯವನು ಪಾರಾದ, ನಾವು ಸಿಕ್ಕಿಬಿದ್ದೆವು.

ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲೋ ರವಿವಾರ ಪೇಟೆಯಲ್ಲೋ ನೋಂದಣಿಯಿದ್ದ ವ್ಯಾಪಾರಿಯಿಂದ ಕೊಂಡರೆ ತೆರಿಗೆ ಅವನ ಬೆಲೆಯಲ್ಲೇ ಸೇರಿರುತ್ತಿತ್ತು, ತಲೆಬಿಸಿ ಇಲ್ಲ. ಆದರೆ ನಮ್ಮ ಜಾತಿ ಬೇರೆ. ಕಾಫಿಪುಡಿ ಊರಿನದೇ ಆಗಬೇಕು, ಮೆಣಸು ಬ್ಯಾಡಗಿಯದೇ ಆಗಬೇಕು, ಬಾಳಕ, ಹಪ್ಪಳ, ಉಪ್ಪಿನಕಾಯಿ ಎಲ್ಲ ಕರಾವಳಿಯಿಂದಲೇ ಬರಬೇಕು. ಹಾಗೆ ತರಿಸಿದ ಕ್ಷಣ ಹೊಟೇಲಿನವನು ಕಾನೂನಿನ ಕಣ್ಣಿನಲ್ಲಿ ಆಮದುದಾರನಾದ. ನಾಲ್ಕು ಡಬ್ಬ ಉಪ್ಪಿನಕಾಯಿ ತರಿಸಿದ ಆಮದುದಾರ! ವ್ಯಾಟ್‌ಗೆ ಒಂದು ಲೆಕ್ಕ, ಎಲ್‌ಬಿಟಿಗೆ ಇನ್ನೊಂದು. ಗಲ್ಲಾದಲ್ಲಿ ಕುಳಿತು ಚಿಲ್ಲರೆ ಎಣಿಸುತ್ತಿದ್ದವರೆಲ್ಲ ರಾತ್ರಿ ಬೀಜಕ ಎಣಿಸತೊಡಗಿದೆವು.

ಅದೇ ಏಪ್ರಿಲ್ 1ಕ್ಕೆ ದಿಲ್ಲಿಯಿಂದ ಇನ್ನೊಂದು ಉಡುಗೊರೆ. ಅಲ್ಲಿಯವರೆಗೆ ಏಸಿಯೂ ಮದ್ಯದ ಪರವಾನಗಿಯೂ ಎರಡೂ ಇದ್ದ ಹೊಟೇಲುಗಳಿಗಷ್ಟೇ ಇದ್ದ ಸೇವಾ ತೆರಿಗೆ ಅಂದಿನಿಂದ ಏಸಿ ಇದ್ದ ಎಲ್ಲ ಹೊಟೇಲುಗಳಿಗೂ ಬಂತು. ಬಿಲ್ಲಿನ ಶೇ. 40ರ ಮೇಲೆ ಶೇ. 12.36, ಅಂದರೆ ಕೈಗೆ ಬಿದ್ದದ್ದು ಶೇ. 4.944. ಗಿರಾಕಿಗೆ ಈ ದಶಾಂಶ ವಿವರಿಸುವಷ್ಟರಲ್ಲಿ ಅವನ ಐಸ್‌ಕ್ರೀಮ್ ಕರಗುತ್ತಿತ್ತು. ಒಂದೇ ದಿನ ಊರಿನದೂ ದೇಶದ್ದೂ ಎರಡು ತೆರಿಗೆ ತಲೆಯ ಮೇಲೆ ಬಿದ್ದರೂ ಎರಡರಲ್ಲಿ ಒಂದಕ್ಕೂ ನಮ್ಮನ್ನು ಕೇಳಿರಲಿಲ್ಲ.

ವ್ಯಾಪಾರಿ ಸಂಘಟನೆಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಅಂಗಡಿ ಬಾಗಿಲು ಹಾಕಿ ಹೋರಾಡಿದವು. ಅವರ ಮುಖ್ಯ ದೂರು ದರದ ಮೇಲಿರಲಿಲ್ಲ. ಪಾಲಿಕೆಯ ಇನ್‌ಸ್ಪೆಕ್ಟರ್ ಅಂಗಡಿಯೊಳಗೆ ಬಂದು ಲೆಕ್ಕಪುಸ್ತಕ ತೆರೆಯುತ್ತಾನೆ ಎಂಬ ಭಯ ದೊಡ್ಡದಿತ್ತು. ರಾಜ್ಯಕ್ಕೆ ವ್ಯಾಟ್ ಕಟ್ಟುತ್ತೇವೆ, ಬೇಕಾದರೆ ಅದರ ಮೇಲೆಯೇ ಒಂದಿಷ್ಟು ಹೆಚ್ಚು ತೆಗೆದುಕೊಂಡು ಪಾಲಿಕೆಗೆ ಕೊಡಿ, ಎರಡನೇ ಯಜಮಾನ ಬೇಡ ಎಂಬುದು ಅವರ ವಾದ. ಆಗಿನ ಮುಖ್ಯಮಂತ್ರಿ ಪೃಥ್ವಿರಾಜ್ ಚವಾಣ್ ಕೆಲವು ನಿಯಮ ಸಡಿಲಿಸಿದರೇ ಹೊರತು ತೆರಿಗೆ ಹಿಂತೆಗೆಯಲಿಲ್ಲ.

ಆ ದಿನಗಳಲ್ಲಿ ನಮ್ಮ ಹೊಟೇಲಿಗರ ಸ್ಥಿತಿ ಅಡಕತ್ತರಿಯ ನಡುವಿನ ಅಡಿಕೆಯದು. ಮನಸ್ಸು ವ್ಯಾಪಾರಿಗಳ ಜೊತೆಗಿತ್ತು. ಆದರೆ ಅಂಗಡಿ ಮುಚ್ಚಿದರೆ ಬಟ್ಟೆ ಕೆಡುವುದಿಲ್ಲ, ಪಾತ್ರೆ ಕೆಡುವುದಿಲ್ಲ. ಅರೆದಿಟ್ಟ ಹಿಟ್ಟು ಕೆಡುತ್ತದೆ. ನಮ್ಮಲ್ಲೇ ಉಂಡು ನಮ್ಮಲ್ಲೇ ಮಲಗುವ ಹುಡುಗರು ಇಪ್ಪತ್ತು ಮೂವತ್ತು ಜನ. ಅವರಿಗೆ ಬಂದ್ ಇಲ್ಲ, ಹಸಿವಿಗೂ ಬಂದ್ ಇಲ್ಲ. ಉದ್ದಿನಬೇಳೆ, ರವೆಗಾಗಿ ಒಬ್ಬರ ಉಗ್ರಾಣಕ್ಕೆ ಇನ್ನೊಬ್ಬರು ಚೀಟಿ ಕಳುಹಿಸಿ ದಿನ ದೂಡಿದ್ದನ್ನು ಅನೇಕರು ಮರೆತಿರಲಾರರು. ಯಾವ ತಿಂಗಳೂ ಇಷ್ಟು ಹೊಂದಾಣಿಕೆಯಲ್ಲಿ ನಾವು ಬದುಕಿರಲಿಲ್ಲ ಎನ್ನುವುದೂ ನಿಜ.

ಒಂದೇ ಒಂದು ಸಲ ಮತಪೆಟ್ಟಿಗೆ

ಪುಣೆಯ ಮಾರಾಟ ತೆರಿಗೆ ಮತಪೆಟ್ಟಿಗೆಯ ಹತ್ತಿರಕ್ಕೆ ಬಂದದ್ದು ಒಂದೇ ಸಲ, 2014ರ ಅಕ್ಟೋಬರಿನ ವಿಧಾನಸಭಾ ಚುನಾವಣೆಯಲ್ಲಿ. ಮತಯಂತ್ರದಲ್ಲಿ ಎಲ್‌ಬಿಟಿ ಬೇಕೋ ಬೇಡವೋ ಎಂಬ ಗುಂಡಿ ಇರಲಿಲ್ಲ, ನಿಜ. ಆದರೆ ಎಲ್‌ಬಿಟಿ ರದ್ದು ಮಾಡುತ್ತೇವೆ ಎಂದು ಬಿಜೆಪಿ ಮಾತು ಕೊಟ್ಟಿತ್ತು, ವ್ಯಾಪಾರಿಗಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಕ್ಟೋಬರ್ 31ಕ್ಕೆ ದೇವೇಂದ್ರ ಫಡ್ನವಿಸ್ ಮುಖ್ಯಮಂತ್ರಿಯಾದರು. 2015ರ ಮಾರ್ಚ್ ಬಜೆಟ್‌ನಲ್ಲಿ ಹಣಕಾಸು ಮಂತ್ರಿ ಸುಧೀರ್ ಮುನಗಂಟಿವಾರ್ ಘೋಷಿಸಿದರು. ಆಗಸ್ಟ್ 1ರಿಂದ ವರ್ಷಕ್ಕೆ 50 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ಎಲ್‌ಬಿಟಿ ಇಲ್ಲ ಎಂದಾಯಿತು. 50 ಕೋಟಿಯ ಇಡ್ಲಿ ಮಾರುವವರು ನಮ್ಮಲ್ಲಿ ಯಾರೂ ಇಲ್ಲವಾದ್ದರಿಂದ ನಮಗೆಲ್ಲ ಬಿಡುಗಡೆ. ಅಂದು ಹಲವು ಹೊಟೇಲುಗಳಲ್ಲಿ ಗಿರಾಕಿಗಳಿಗೆ ಶಿರಾ ಹಂಚಿದೆವು.

ಶಿರಾ ಹಂಚಿದ ಖುಷಿಯಲ್ಲಿ ನಾವು ಗಮನಿಸದ ಸಂಗತಿ ಒಂದಿದೆ. ಎಲ್‌ಬಿಟಿ ಸತ್ತರೂ ಅದರ ಹೆಸರು ಸಾಯಲಿಲ್ಲ. ಇಂದಿಗೂ ಪುಣೆಯಲ್ಲಿ ಜಾಗ ಕೊಂಡು ನೋಂದಣಿಗೆ ಹೋದರೆ ಶೇ. 5ರ ಮುದ್ರಾಂಕ ಶುಲ್ಕದ ಜೊತೆ ಶೇ. 1 ಸ್ಥಳೀಯ ಸಂಸ್ಥೆಯ ಸರ್ಚಾರ್ಜ್ ಇದೆ, ಏಜೆಂಟರು ಅದನ್ನು ಈಗಲೂ ಎಲ್‌ಬಿಟಿ ಎಂದೇ ಬರೆಯುತ್ತಾರೆ. ಅದರ ಮೇಲೆ 2022ರ ಏಪ್ರಿಲ್‌ನಿಂದ ಮೆಟ್ರೋ ಸೆಸ್ ಎಂದು ಇನ್ನೊಂದು ಶೇ. 1. ಕೋಟಿ ರೂಪಾಯಿಯ ಹೊಟೇಲ್ ಜಾಗ ಕೊಂಡ ನಮ್ಮ ಸದಸ್ಯ ಮೆಟ್ರೋಗೆಂದು ಒಂದು ಲಕ್ಷ ಕೊಟ್ಟಂತಾಯಿತು. ಲಾಸ್ ಏಂಜಲಿಸ್‌ನವರೂ ಮೆಟ್ರೋಗೆ ತೆರಿಗೆ ಕೊಡುತ್ತಾರೆ, ಪುಣೆಯವರೂ ಕೊಡುತ್ತಾರೆ. ಅವರು ಎರಡು ಸಲ ಹೌದೆಂದು ಗುರುತು ಹಾಕಿ ಕೊಟ್ಟರು. ನಾವು ಸಬ್ ರಿಜಿಸ್ಟ್ರಾರ್ ಕಚೇರಿಯ ಚಲನ್ ನೋಡಿ ತಿಳಿದುಕೊಂಡೆವು. ಮೆಟ್ರೋ ಬೇಡವೆಂದು ನಾವು ಹೇಳುವುದಿಲ್ಲ, ಬಂದಮೇಲೆ ನಿಲ್ದಾಣದ ಪಕ್ಕದ ಹೊಟೇಲುಗಳಿಗೆ ವ್ಯಾಪಾರವೂ ಹೆಚ್ಚಿದೆ. ಆದರೆ ಎರಡೂವರೆ ಮೂರು ವರ್ಷ ರಸ್ತೆ ಅಗೆದಿಟ್ಟಾಗ ಬಾಗಿಲಲ್ಲಿ ತಗಡು ಕಟ್ಟಿಸಿಕೊಂಡು ಕುಳಿತವರನ್ನೂ ಒಂದು ಮಾತು ಕೇಳಬಹುದಿತ್ತು.

ನಾನೂರು ರೂಪಾಯಿಯ ಬಿಲ್ಲು

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಮೊದಲಿಗೆ ಏಸಿ ಇಲ್ಲದ ಹೊಟೇಲಿಗೆ ಶೇ. 12, ಏಸಿ ಅಥವಾ ಬಾರ್ ಇದ್ದರೆ ಶೇ. 18. ಅದೇ ವರ್ಷ ನವೆಂಬರ್ 15ರಿಂದ ಎಲ್ಲರಿಗೂ ಶೇ. 5, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ. 2019ರ ಅಕ್ಟೋಬರ್‌ನಿಂದ ಹೊರಗಿನ ಕೇಟರಿಂಗಿಗೂ ಇದೇ ಶೇ. 5. ಸ್ಟಾರ್ ಹೊಟೇಲುಗಳ ಕಥೆ ಬೇರೆ, ಅದು ಇಲ್ಲಿ ಬೇಡ. ಕ್ರೆಡಿಟ್ ಇಲ್ಲದ್ದರಿಂದ ಬಾಡಿಗೆಯ ಮೇಲಿನ ಶೇ. 18, ಗ್ಯಾಸ್ ಸಿಲಿಂಡರಿನ ಶೇ. 18 ನಮ್ಮ ಖರ್ಚಿಗೇ ಬಿದ್ದಿದೆ. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆಯ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿದದ್ದು ಒಂದಿಷ್ಟು ಸಮಾಧಾನ. ಇದನ್ನೆಲ್ಲ ಹಿಂದಿನ ಸಂಚಿಕೆಗಳಲ್ಲಿ ಬರೆದಾಗಿದೆ.

ಇಲ್ಲಿ ಹೇಳಬೇಕಾದ್ದು ಬೇರೆ. ಒಂದು ಕುಟುಂಬ ಬಂದು ನಾನೂರು ರೂಪಾಯಿಯ ತಿಂಡಿ ತಿಂದಿತು ಎಂದಿಟ್ಟುಕೊಳ್ಳಿ. ಇಪ್ಪತ್ತು ರೂಪಾಯಿ ಜಿಎಸ್‌ಟಿ. ಬಿಲ್ಲಿನಲ್ಲಿ ಎರಡು ಸಾಲು: ಕೇಂದ್ರಕ್ಕೆ ಹತ್ತು, ರಾಜ್ಯಕ್ಕೆ ಹತ್ತು. ಆ ಕುಟುಂಬ ಕೈತೊಳೆದ ನೀರು ಯಾರದು? ಪಾಲಿಕೆಯದು. ಹೊಟೇಲಿನ ಎಲೆ, ಎಂಜಲು ಎತ್ತುವವರು? ಪಾಲಿಕೆಯವರು. ಮಳೆಗಾಲದಲ್ಲಿ ಚರಂಡಿ ಉಕ್ಕಿ ಅಡುಗೆಮನೆಗೆ ಬಂದರೆ ಫೋನು ಮಾಡುವುದು ಯಾರಿಗೆ? ಪಾಲಿಕೆಗೆ. ಆದರೆ ಬಿಲ್ಲಿನಲ್ಲಿ ಪಾಲಿಕೆಯ ಸಾಲು ಇಲ್ಲ.

ಜಕಾತಿ, ಎಲ್‌ಬಿಟಿ ಕಳೆದುಕೊಂಡ ಪಾಲಿಕೆಗಳಿಗೆ ರಾಜ್ಯ ಸರಕಾರ 2017ರ ಕಾಯಿದೆಯ ಪ್ರಕಾರ ಪರಿಹಾರ ಕೊಡುತ್ತದೆ, ವರ್ಷಕ್ಕೆ ಶೇ. 8ರ ಲೆಕ್ಕದಲ್ಲಿ ಅದು ಏರುತ್ತದೆ. ಮೇಲೆ ಹೇಳಿಟ್ಟ ಮಾತು ಇಲ್ಲಿ ಬೇಕು. ಜಕಾತಿ ಊರಿನ ಜೊತೆ ಬೆಳೆಯುತ್ತಿತ್ತು. ಪರಿಹಾರ ಕಾಯಿದೆಯ ಲೆಕ್ಕದಲ್ಲಿ ಬೆಳೆಯುತ್ತದೆ. ಬಾಣೇರ್, ವಾಕಡ್, ಹಡಪ್‌ಸರ್‌ಗಳಲ್ಲಿ ಎಷ್ಟು ಹೊಸ ಹೊಟೇಲುಗಳು ಎದ್ದರೂ ಅಲ್ಲಿನ ಬಿಲ್ಲಿಗೂ ಪಾಲಿಕೆಯ ಆದಾಯಕ್ಕೂ ನೇರ ಸಂಬಂಧ ಇಲ್ಲ. ಮನೆಯ ಯಜಮಾನ ದುಡಿಯುವುದನ್ನು ಬಿಟ್ಟು ಮುಂಬಯಿಯ ಅಣ್ಣನ ಮನಿಯಾರ್ಡರ್ ಕಾಯುತ್ತಾ ಕುಳಿತ ಹಾಗೆ. ಅಣ್ಣ ಒಳ್ಳೆಯವನೇ, ಹಣ ಕಳುಹಿಸುತ್ತಾನೆ. ಆದರೆ ಮನೆಯ ಮಾಡು ಸೋರುವುದು ಅಣ್ಣನಿಗೆ ಕಾಣುವುದಿಲ್ಲ.

ಮನಿಯಾರ್ಡರೇ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಹಳ ದೂರ ಹೋಗಬೇಕಿಲ್ಲ, ಕ್ಯಾಂಪಿನವರೆಗೆ ಹೋದರೆ ಸಾಕು. ಪುಣೆ ಕಂಟೋನ್ಮೆಂಟ್ ಬೋರ್ಡ್ ವಾಹನ ಪ್ರವೇಶ ತೆರಿಗೆಯಿಂದ ತನ್ನ ಖರ್ಚು ನಡೆಸುತ್ತಿತ್ತು. ಜಿಎಸ್‌ಟಿ ಬಂದು ಅದು ನಿಂತಿತು. ಮಹಾನಗರಪಾಲಿಕೆಗಳಿಗೆ ಸಿಕ್ಕ ಪರಿಹಾರ ಕಂಟೋನ್ಮೆಂಟ್‌ಗಳಿಗೆ ಸಿಗಲಿಲ್ಲ. ಅವು ರಕ್ಷಣಾ ಇಲಾಖೆಯ ಕೆಳಗಿರುವುದರಿಂದ ರಾಜ್ಯದ ಕಾಯಿದೆಯ ಪಟ್ಟಿಯಲ್ಲಿ ಬರಲಿಲ್ಲ. ವರ್ಷಗಟ್ಟಲೆ ಬೋರ್ಡ್ ತನ್ನ ಪಾಲು ಕೇಳುತ್ತಲೇ ಬಂತು. ಎಂ.ಜಿ. ರಸ್ತೆ, ಈಸ್ಟ್ ಸ್ಟ್ರೀಟ್ ಸುತ್ತಮುತ್ತಲಿನ ನಮ್ಮ ಹೊಟೇಲುಗಳೂ ಎಲ್ಲರ ಹಾಗೆ ಶೇ. 5 ಕಟ್ಟಿವೆ. ಆ ಹಣದಲ್ಲಿ ಅವರ ಬೀದಿಗೆ ತಿರುಗಿ ಬಂದದ್ದೇನು ಎಂದು ಅಲ್ಲಿಯ ಸದಸ್ಯರನ್ನೇ ಕೇಳಿ. ತೆರಿಗೆ ಹೋಯಿತೆಂದು ಶಿರಾ ಹಂಚುವಾಗ ಇದನ್ನೂ ನೆನೆಯಬೇಕಿತ್ತು ಎಂದು ನಮಗೆ ಈಗ ಅನಿಸುತ್ತದೆ.

ಹಾಗಾದರೆ ಪುಣೆಯ ಜನರೆಲ್ಲ ಸೇರಿ, ಲಾಸ್ ಏಂಜಲಿಸ್‌ನವರ ಹಾಗೆ, ನಮ್ಮ ಊರಿನ ಒಳಿತಿಗೆ ನಾವೇ ಅರ್ಧ ಪೈಸೆ ಹೆಚ್ಚು ಕೊಡುತ್ತೇವೆ ಎಂದರೆ? ಆಗುವುದಿಲ್ಲ. ಸ್ಥಳೀಯ ಪ್ರದೇಶಕ್ಕೆ ಬರುವ ಸರಕಿನ ಮೇಲೆ ತೆರಿಗೆ ಹಾಕುವ ಅಧಿಕಾರವನ್ನೇ 2016ರ 101ನೇ ತಿದ್ದುಪಡಿ ಸಂವಿಧಾನದ ರಾಜ್ಯಪಟ್ಟಿಯಿಂದ ತೆಗೆದುಹಾಕಿತು. ಮನರಂಜನೆಯ ಮೇಲಿನ ತೆರಿಗೆಯೊಂದನ್ನು ಮಾತ್ರ ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟಿದೆ. ದೋಸೆ ತಿನ್ನುವುದು ಮನರಂಜನೆ ಎಂದು ಯಾರೂ ತೀರ್ಪು ಕೊಡದಿರಲಿ.

ಹತ್ತು ಪರ್ಸೆಂಟಿನ ಪಾಠ

ಜಿಎಸ್‌ಟಿಯ ಹೊರಗೆ ಉಳಿದ ಮಾರಾಟ ತೆರಿಗೆ ಹೇಗೆ ಏರುತ್ತದೆ ಎಂಬುದನ್ನು ಪರ್ಮಿಟ್ ರೂಮ್ ಇರುವ ಸದಸ್ಯರು ಅನುಭವಿಸಿದ್ದಾರೆ. ಹೊಟೇಲಿನೊಳಗೆ ಬಡಿಸುವ ಮದ್ಯದ ಮೇಲಿನ ರಾಜ್ಯದ ವ್ಯಾಟ್ 2023ರ ನವೆಂಬರ್ 1ರಿಂದ ಶೇ. 5ರಿಂದ 10ಕ್ಕೆ, ನೇರ ಇಮ್ಮಡಿ. ಅದಾದ ಮೇಲೆ 2025ರಲ್ಲಿ ಪರವಾನಗಿ ಶುಲ್ಕವೂ ಅಬಕಾರಿ ಸುಂಕವೂ ಏರಿದವು. ಜುಲೈ 14ರಂದು ರಾಜ್ಯದ ಬಾರು, ಪರ್ಮಿಟ್ ರೂಮುಗಳು ಒಂದು ದಿನ ಬಾಗಿಲು ಹಾಕಿದವು, ಪುಣೆಯವರೂ ಸೇರಿದ್ದರು. ಬಂದ್ ಯಶಸ್ವಿಯಾಯಿತು ಎಂದು ನಾವೆಲ್ಲ ಹೇಳಿಕೊಂಡೆವು. ಒಂದು ದಿನದ ವ್ಯಾಪಾರ ಹೋಯಿತು ಎಂಬುದಂತೂ ಖಚಿತ. ಆದೇಶ ಹೊರಟ ಮೇಲೆ ಮಾಡುವ ಬಂದ್‌ಗಿಂತ ಆದೇಶಕ್ಕೆ ಮುಂಚೆ ಆಡುವ ಮಾತಿಗೆ ತೂಕ ಹೆಚ್ಚು. ಆ ಮಾತು ಆಡಲು ಒಂದು ಜಾಗ ಬೇಕು.

ಫೆಬ್ರವರಿ 20

ಊರಿನ ಮಟ್ಟದಲ್ಲಿ ಆ ಜಾಗ ಪಾಲಿಕೆಯ ಸದನ. ಪಾಲಿಕೆಯ ಕೈಯಲ್ಲಿ ಇನ್ನೂ ಉಳಿದಿರುವ ದೊಡ್ಡ ತೆರಿಗೆ ಆಸ್ತಿ ತೆರಿಗೆ. ಅದರ ದರವನ್ನು ಸದನ ಪ್ರತಿ ವರ್ಷ ಫೆಬ್ರವರಿ 20ರೊಳಗೆ ನಿಗದಿ ಮಾಡಬೇಕೆಂದು ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯಿದೆ ಹೇಳುತ್ತದೆ. ಮೊದಲು ಆಯುಕ್ತರ ಪ್ರಸ್ತಾವ, ಆಮೇಲೆ ಸ್ಥಾಯಿ ಸಮಿತಿ, ಕೊನೆಗೆ ಸದನದಲ್ಲಿ ನಗರಸೇವಕರು ಕೈಯೆತ್ತುವುದು. ಅಮೆರಿಕದವರ ಮತಪತ್ರಕ್ಕೆ ನಮ್ಮಲ್ಲಿ ಏನಾದರೂ ಸಮನಾದದ್ದು ಇದ್ದರೆ ಅದು ಈ ಕೈಯೆತ್ತುವಿಕೆಯೇ. ಹೊಟೇಲಿನ ಜಾಗ ವಾಣಿಜ್ಯ ದರದಲ್ಲಿ ಬರುವುದರಿಂದ ಇಲ್ಲಿಯ ಒಂದೊಂದು ಪರ್ಸೆಂಟೂ ನಮ್ಮ ಗಲ್ಲಾಕ್ಕೆ ಮುಟ್ಟುತ್ತದೆ. ಬಾಡಿಗೆಗೆ ಇರುವವರು ತಮಗೇನೂ ಆಗದು ಎಂದುಕೊಳ್ಳಬೇಡಿ, ಮಾಲೀಕರು ಕರಾರು ನವೀಕರಿಸುವಾಗ ಅದನ್ನು ಮರೆಯುವುದಿಲ್ಲ.

ಆದರೆ 2022ರ ಮಾರ್ಚ್ 14ಕ್ಕೆ ಪುಣೆಯ ಸದನದ ಅವಧಿ ಮುಗಿದ ಮೇಲೆ ಸುಮಾರು ನಾಲ್ಕು ವರ್ಷ ಕೈಯೆತ್ತಲು ಯಾರೂ ಇರಲಿಲ್ಲ. ಆಯುಕ್ತರೇ ಆಡಳಿತಾಧಿಕಾರಿ. 2025-26ರ 12,618 ಕೋಟಿ ರೂಪಾಯಿಯ ಬಜೆಟ್ಟನ್ನು ಮಂಡಿಸಿದವರೂ ಅವರೇ, ಒಪ್ಪಿದವರೂ ಅವರೇ. ಅಧಿಕಾರಿಯ ಪ್ರಾಮಾಣಿಕತೆಯ ಪ್ರಶ್ನೆ ಇದಲ್ಲ. ಅಡುಗೆ ಮಾಡಿದವನೇ ಊಟ ಮಾಡಿ ಚೆನ್ನಾಗಿದೆ ಎಂದರೆ ಗಿರಾಕಿಗೆ ಏನು ಪ್ರಯೋಜನ? ಕೊನೆಗೆ 2026ರ ಜನವರಿ 15ರಂದು ಚುನಾವಣೆ ನಡೆದು 165 ಜನರ ಸದನ ಆಯ್ಕೆಯಾಯಿತು.

ಆ ಚುನಾವಣೆಯ ವಿಷಯಕ್ಕೆ ಬಂದಾಗ ಕಾಫಿಯ ಆ ರಾತ್ರಿ ನಮ್ಮ ಚರ್ಚೆ ಸ್ವಲ್ಪ ಮುಜುಗರದ ಕಡೆ ತಿರುಗಿತು. ಫೋಟೊ ತೋರಿಸಿದ ಹಿರಿಯರು ಸುಮ್ಮನೆ ಕೇಳಿದರು: "ಅಲ್ಲಿಯದು ಇರಲಿ ಮಾರಾಯ್ರೆ, ಜನವರಿಯಲ್ಲಿ ಪುಣೆಯಲ್ಲಿ ಓಟು ಹಾಕಿದವರು ಇಲ್ಲಿ ಎಷ್ಟು ಜನ ಇದ್ದೀರಿ?" ಅಲ್ಲಿದ್ದವರಲ್ಲಿ ಕೈಯೆತ್ತಿದವರು ಅರ್ಧಕ್ಕಿಂತ ಕಡಿಮೆ. ಒಬ್ಬರ ಹೆಸರು ಕುಂದಾಪುರದ ಪಟ್ಟಿಯಲ್ಲಿದೆ, ಇನ್ನೊಬ್ಬರದು ಕಾರ್ಕಳದಲ್ಲಿ, ಮತ್ತೊಬ್ಬರದು ಬೈಂದೂರಿನಲ್ಲಿ. ವಿಧಾನಸಭೆ, ಲೋಕಸಭೆ ಚುನಾವಣೆ ಬಂದರೆ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿ ಮತ ಹಾಕಿ, ದೇವಸ್ಥಾನಕ್ಕೂ ಹೋಗಿ ಬರುತ್ತೇವೆ. ಊರಿನ ಪಂಚಾಯತಿಗೆ ಯಾರು ನಿಂತಿದ್ದಾರೆಂದು ನಮಗೆ ಗೊತ್ತು. ಹೊಟೇಲ್ ಇರುವ ವಾರ್ಡಿನ ನಗರಸೇವಕರ ಹೆಸರು ಗೊತ್ತಾಗುವುದು ಗಣೇಶೋತ್ಸವದ ಚಂದಾ ಪುಸ್ತಕ ಬಂದಾಗ. ಮೂವತ್ತು ವರ್ಷದಿಂದ ಇಲ್ಲಿ ತೆರಿಗೆ ಕಟ್ಟಿದ್ದೇವೆ, ಮತ ಮಾತ್ರ ತವರಿನಲ್ಲಿಟ್ಟಿದ್ದೇವೆ.

ಊರಿನ ನಂಟು ಕಡಿದುಕೊಳ್ಳಿ ಎಂದು ಈ ಲೇಖನ ಯಾರಿಗೂ ಹೇಳುತ್ತಿಲ್ಲ. ಅಲ್ಲಿಯ ಮತದಲ್ಲಿ ತಾಯಿ ತಂದೆಯ, ಮನೆತನದ ಪ್ರಶ್ನೆ ಇರುತ್ತದೆ, ಅದು ನಮಗೆ ಚೆನ್ನಾಗಿ ಗೊತ್ತು. ಹೆಸರು ಎರಡು ಕಡೆ ಇರಿಸಿಕೊಳ್ಳಲು ಕಾನೂನು ಬಿಡುವುದಿಲ್ಲವಾದ್ದರಿಂದ ಒಂದು ಕಡೆ ಎಂದು ತೀರ್ಮಾನಿಸಲೇಬೇಕು. ಪುಣೆಯಲ್ಲೇ ಮನೆ, ಮಕ್ಕಳ ಶಾಲೆ, ವ್ಯಾಪಾರ ಎಲ್ಲ ಇರುವವರು ಒಮ್ಮೆ ಮನೆಯವರ ಜೊತೆ ಕುಳಿತು ಮಾತಾಡಿ ನೋಡಿ. ವಾಸದ ಜಾಗ ಬದಲಿಸಿದವರು ಫಾರ್ಮ್ 8 ತುಂಬಬೇಕು, ಹದಿನೆಂಟು ತುಂಬಿದ ಮಕ್ಕಳಿಗೆ ಮತ್ತು ಮೊದಲ ಸಲ ಹೆಸರು ಸೇರಿಸುವವರಿಗೆ ಫಾರ್ಮ್ 6. ಎರಡರ ಪ್ರತಿಗಳೂ ಸಂಘದ ಕಚೇರಿಯಲ್ಲಿವೆ. ಮರಾಠಿಯಲ್ಲಿ ತುಂಬಲು ಕಷ್ಟವಾದರೆ ಸಂಜೆ ಐದರ ನಂತರ ಬನ್ನಿ, ಕೂಡಿ ತುಂಬೋಣ. ಬರುವಾಗ ವಿದ್ಯುತ್ ಬಿಲ್ ಅಥವಾ ನೋಂದಾಯಿತ ಬಾಡಿಗೆ ಕರಾರಿನ ಝೆರಾಕ್ಸ್, ಒಂದು ಫೋಟೊ, ಹಳೆಯ ಮತದಾರರ ಚೀಟಿಯ ನಂಬರು ತನ್ನಿ.